ಪರ ಊರಿನವನ ಬಾಯಲ್ಲಿ

ರೋಲಂಡ್ ಕಾಫ್ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿ, "ಸರಿ, ಚೆಂಡು ಎಸೆಯೋರು ಮುಗೀತು, ಬೇಸ್ ಕಾಯೋರು ಮುಗೀತು. ಈಗ ಕ್ಯಾಚರ್. ಇಬ್ಬರು ಬೇಕು" ಅಂದಾಗ ಓರಿನ್ ಟ್ವೆಟೆನ್ ಕಾಫಿ ಲೋಟದಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಜುಲೈ ತಿಂಗಳ ಮೊದಲನೇ ಭಾನುವಾರ. ಚರ್ಚು ಬಿಟ್ಟ ಮೇಲೆ ಎಂಟೂರಿನ ಎಂಟು ಮಂದಿ ರೋಲಂಡನ ಊರಿನ ಅಗ್ನಿಶಾಮಕ ಠಾಣೆಯ ನೆಲಮಾಳಿಗೆಯಲ್ಲಿ ಸೇರಿದ್ದರು. ಒಬ್ಬೊಬ್ಬನೂ ತನ್ನ ತನ್ನ ಊರಿನ ಬೇಸ್‌ಬಾಲ್ ತಂಡ ನಡೆಸುವವನು. ಒಬ್ಬ ದನದ ಮೇವಿನ ಗಿರಣಿಯವನು, ಒಬ್ಬ ಟ್ರ್ಯಾಕ್ಟರ್ ರಿಪೇರಿಯವನು, ಉಳಿದವರು ಹಸು ಜೋಳ ಅಂತ ಬದುಕಿದವರು. ಎರಡು ಮೇಜು ಜೋಡಿಸಿ, ನಡುವೆ ರೋಲಂಡನ ಹೆಂಡತಿ ಕಳಿಸಿದ ರೂಬಾರ್ಬ್ ದಂಟಿನ ಕೇಕು ಇಟ್ಟುಕೊಂಡು ಕೂತಿದ್ದರು. ಈ ಎಂಟೂರಿನ ಆಟಗಾರರಲ್ಲಿ ಹದಿನೈದು ಜನರನ್ನು ಆರಿಸಿ ಆಲ್‌ಸ್ಟಾರ್ ತಂಡ ಕಟ್ಟಬೇಕು. ಆ ತಂಡ ಎರಡು ವಾರ ಬಿಟ್ಟು ಶನಿವಾರ ಸಂಜೆ ನದಿಯಾಚೆಯವರ ಮೇಲೆ ಆಡುತ್ತದೆ. ಗೆದ್ದರೂ ಸೋತರೂ ಒಂದೇ. ಆದರೆ ಆ ಹದಿನೈದರಲ್ಲಿ ಒಬ್ಬನಾದವನು ಸಾಯುವ ತನಕ ಆ ಮಾತನ್ನು ಜೇಬಿನಲ್ಲಿಟ್ಟುಕೊಂಡು ತಿರುಗಬಹುದು.

ಇದಕ್ಕೊಂದು ಕಟ್ಟಳೆ ಇತ್ತು. ತನ್ನ ಊರಿನವನ ಹೆಸರನ್ನು ತಾನೇ ಎತ್ತಬಾರದು. ಹೆಸರು ಪರ ಊರಿನವನ ಬಾಯಲ್ಲಿ ಬರಬೇಕು. ಹಿಂದೊಮ್ಮೆ ಎಂಟು ಮಂದಿಯೂ ತಮ್ಮ ತಮ್ಮವರನ್ನೇ ಹೊಗಳಿಕೊಳ್ಳಲು ಹೋಗಿ, ಕುರ್ಚಿ ಮುರಿದು, ಒಬ್ಬನ ಹಲ್ಲು ಬಿದ್ದ ಮೇಲೆ ಹಿರಿಯರು ಮಾಡಿದ ಕಟ್ಟಳೆ ಅದು. ಎಲ್ಲೂ ಬರೆದಿಟ್ಟಿದ್ದಲ್ಲ. ತನ್ನ ಮೊಸರು ಹುಳಿ ಅಂತ ಯಾರೂ ಅನ್ನುವುದಿಲ್ಲ, ಆದ್ದರಿಂದ ಮೊಸರಿನ ರುಚಿ ನೆರೆಯವನೇ ಹೇಳಲಿ ಅನ್ನುವ ಲೆಕ್ಕ.

ಓರಿನ್‌ಗೆ ಮೂವತ್ತೊಂದು ವರ್ಷ ಇದರಿಂದ ತೊಂದರೆಯಾಗಿರಲಿಲ್ಲ. ಅವನ ಊರು ವಾಂಗ್, ನಾರ್ವೆಯಿಂದ ಬಂದವರು ಕಟ್ಟಿದ್ದು. ಎಂಟೂರಿನಲ್ಲಿ ಅದೇ ಸಣ್ಣದು. ಒಂದು ಚರ್ಚು, ಒಂದು ಧಾನ್ಯದ ಗೋಪುರ, ಒಂದು ಆಟದ ಮೈದಾನ. ಆದರೂ ವರ್ಷವರ್ಷವೂ ವಾಂಗ್‌ನ ಒಬ್ಬನ ಹೆಸರು ಈ ಮೇಜಿನ ಮೇಲೆ ಬರುತ್ತಿತ್ತು. ಬರುತ್ತಿದ್ದುದು ಪಕ್ಕದ ವೆಸೆಲಿಯ ಲಿಯೋ ಹ್ರುಸ್ಕಾನ ಬಾಯಿಂದ. ಓರಿನ್ ವೆಸೆಲಿಯವರ ಹೆಸರು ಎತ್ತುತ್ತಿದ್ದ, ಲಿಯೋ ವಾಂಗ್‌ನವರ ಹೆಸರು ಎತ್ತುತ್ತಿದ್ದ. ಹೀಗೆ ಮಾಡೋಣ ಅಂತ ಇಬ್ಬರೂ ಒಂದು ದಿನವೂ ಮಾತಾಡಿಕೊಂಡವರಲ್ಲ.

ಈ ಫೆಬ್ರವರಿಯಲ್ಲಿ ಲಿಯೋ ಅಂಗಳದ ಹಿಮ ಸರಿಸುತ್ತಿದ್ದವನು ಸಲಿಕೆಗೆ ಒರಗಿಕೊಂಡು ಹಾಗೇ ಹೋಗಿಬಿಟ್ಟ. ಮಿನೆಸೋಟದ ನೆಲ ಫೆಬ್ರವರಿಯಲ್ಲಿ ಗುದ್ದಲಿಯ ಮಾತು ಕೇಳುವುದಿಲ್ಲ. ಆಗ ಚರ್ಚಿನಲ್ಲಿ ಪ್ರಾರ್ಥನೆ ಮಾತ್ರ ಆಯಿತು. ಏಪ್ರಿಲ್‌ನಲ್ಲಿ ನೆಲ ಕರಗಿದ ಮೇಲೆ ಮಣ್ಣು ಮಾಡಿದರು. ಓರಿನ್ ಎರಡು ಸಲವೂ ಹೋಗಿ ಹ್ಯಾಟು ತೆಗೆದು ನಿಂತು ಬಂದಿದ್ದ.

ಇಷ್ಟಾದರೂ ಅವನೊಂದು ತಪ್ಪು ಮಾಡಿಬಿಟ್ಟಿದ್ದ. ಹೋದ ಗುರುವಾರ ಅರ್ನಿ ಸೋರ್ಬಿಯ ಕೊಟ್ಟಿಗೆಗೆ ಹೋಗಿ, "ಆಲ್‌ಸ್ಟಾರ್ ಶನಿವಾರ ಬಿಡುವು ಮಾಡ್ಕೋ" ಅಂದಿದ್ದ. ಅರ್ನಿ ವಾಂಗ್‌ನ ಕ್ಯಾಚರ್. ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂತು ಹದಿನಾರು ಬೇಸಿಗೆ ಚೆಂಡು ಹಿಡಿದವನು. ಮೂವತ್ತೇಳು ವರ್ಷ. ಮೊಣಕಾಲು ಕೇಳುವುದಿಲ್ಲ, ಈ ಬೇಸಿಗೆಗೆ ಸಾಕು ಅಂತ ಅವನೇ ಹೇಳಿದ್ದ. ಇಷ್ಟು ವರ್ಷ ಆಲ್‌ಸ್ಟಾರ್‌ಗೆ ವಾಂಗ್‌ನಿಂದ ಹೋಗುತ್ತಿದ್ದವರು ಚೆಂಡು ಎಸೆಯುವವರೋ, ಉದ್ದ ಹೊಡೆಯುವವರೋ. ಅವರೆಲ್ಲ ಕೆಲಸ ಹುಡುಕಿಕೊಂಡು ಪಟ್ಟಣ ಸೇರಿದ್ದರು. ಈ ಸಲ ಅರ್ನಿಯದೇ ಸರದಿ ಅಂತ ಓರಿನ್ ಚಳಿಗಾಲದಲ್ಲೇ ಮನಸ್ಸಿನಲ್ಲಿ ಮಾಡಿಕೊಂಡಿದ್ದ. ಹೆಸರು ಎತ್ತುವ ಬಾಯಿ ಮಣ್ಣಿನಡಿ ಇದೆ ಅನ್ನುವುದು ಅವನ ತಲೆಗೇ ಬಂದಿರಲಿಲ್ಲ. ಮೂವತ್ತೊಂದು ವರ್ಷ ಬೆಳಿಗ್ಗೆ ಎದ್ದು ನೋಡಿದರೆ ಸೂರ್ಯ ಇರುತ್ತಿದ್ದ, ಹಾಗೆ.

ಅರ್ನಿ ಆವತ್ತು ಹಸುವಿನ ಹೊಟ್ಟೆಗೆ ಹಣೆಯಿಟ್ಟುಕೊಂಡೇ, "ಶನಿವಾರ ಸಂಜೆ ಹಾಲು ಯಾರು ಕರೀತಾರೆ" ಅಂದಿದ್ದ. ಪಕ್ಕದ ಹಸುವಿಗೆ ಸರಿದು, "ಬಾವಮೈದುನನ್ನ ಕೇಳ್ತೀನಿ" ಅಂದಿದ್ದ. ನಲವತ್ತೆರಡು ಹಸು, ದಿನಕ್ಕೆರಡು ಸಲ. ಅರ್ನಿ ಬೇರೆಯವರ ಕೈಗೆ ಹಾಲಿನ ಕೆಲಸ ಕೊಟ್ಟದ್ದು ತನ್ನ ಮದುವೆಯ ದಿನ ಒಮ್ಮೆ, ಅಪ್ಪ ಸತ್ತ ದಿನ ಒಮ್ಮೆ.

ನೆಲಮಾಳಿಗೆಯಲ್ಲಿ ಶುರುವಿನಿಂದಲೂ ಮಾತು ಜೋರಾಗೇ ನಡೆದಿತ್ತು. ನ್ಯೂ ಹಾಲ್ಟ್‌ನ ಮಾರ್ವ್ ಶೂಲ್ಟ್ಸ್ ಇದ್ದ ಮೇಲೆ ಮಾತಿಗೆ ಬರವಿಲ್ಲ. ಎರಡನೇ ಬೇಸ್ ಕಾಯುವವನ ಮಾತು ಬಂದಾಗ ಅವನು, "ಆ ಹುಡುಗನಾ? ಅವನ ಕಡೆ ಚೆಂಡು ಹೋದ್ರೆ ಅದನ್ನ ಹಿಡಿಯಲ್ಲ ಕಣ್ರಯ್ಯ, ವಿಳಾಸ ಕೇಳ್ತಾನೆ" ಅಂದು ನಗಿಸಿದ್ದ. ಮೂರನೇ ಬೇಸ್‌ಗೆ ಅರ್ಧ ಗಂಟೆ ಜಗಳ. ಒಬ್ಬ ಚೆನ್ನಾಗಿ ಹೊಡೆಯುತ್ತಾನೆ, ಕೈ ಮಾತ್ರ ಬೆಣ್ಣೆ. ಇನ್ನೊಬ್ಬನ ಕೈ ಬೋನು, ಬ್ಯಾಟು ಹಿಡಿದರೆ ನೊಣ ಓಡಿಸುವವನ ಹಾಗೆ. ಅಷ್ಟರಲ್ಲಿ ಓರಿನ್ ಗಂಟಲು ಸರಿಮಾಡಿಕೊಂಡು ವೆಸೆಲಿಯಲ್ಲಿ ಎರಡನೇ, ಮೂರನೇ ಬೇಸಿನ ನಡುವೆ ಕಾಯುವ ಶಾರ್ಟ್‌ಸ್ಟಾಪ್ ಆಟಗಾರನ ಹೆಸರು ಎತ್ತಿದ್ದ. ಲಿಯೋನ ಜಾಗದಲ್ಲಿ ಈಗ ಲಿಯೋನ ಅಣ್ಣನ ಮಗ ಡೆನಿಸ್ ಕೂತಿದ್ದ, ಮೂವತ್ತರ ಆಸುಪಾಸಿನವನು. ತನ್ನ ಊರಿನವನು ಒಳಗೆ ಬಂದದ್ದಕ್ಕೆ ಅವನ ಮುಖ ಅರಳಿತು. ಕೇಕಿನ ತಟ್ಟೆಯನ್ನು ಓರಿನ್ ಕಡೆ ಸರಿಸಿದ. ಸರಿಯಾಯಿತು, ಹುಡುಗನಿಗೆ ಗೊತ್ತಿದೆ, ಲಿಯೋ ಹೇಳಿ ಹೋಗಿದ್ದಾನೆ ಅಂತ ಓರಿನ್ ಒಂದು ತುಂಡು ತಗೊಂಡಿದ್ದ.

ಈಗ ಕ್ಯಾಚರ್.

ಮಾರ್ವ್ ಒಂದು ಹೆಸರು ಹೇಳಿದ, ರೋಲಂಡನ ಊರಿನ ಕಾಲೇಜು ಹುಡುಗನದು. ಯಾರೂ ಅಡ್ಡ ಹೇಳಲಿಲ್ಲ, ಅವನು ನಿಜಕ್ಕೂ ಒಳ್ಳೆಯವನೇ. ಗಿರಣಿಯವನು ನ್ಯೂ ಹಾಲ್ಟ್‌ನವನ ಹೆಸರು ಹೇಳಿದ. ರೋಲಂಡ್ ಬರೆದುಕೊಂಡ. ಓರಿನ್ ಡೆನಿಸ್‌ನ ಕಡೆ ನೋಡಿದ. ಡೆನಿಸ್ ಬೆರಳಿಗೆ ಅಂಟಿದ ಸಕ್ಕರೆ ನೆಕ್ಕುತ್ತಾ ಗೋಡೆಯ ಮೇಲಿನ ಹಳೇ ಹೆಲ್ಮೆಟ್ಟುಗಳನ್ನು ನೋಡುತ್ತಿದ್ದ. ಮೇಲಿನ ಕಿಟಕಿಯಲ್ಲಿ ಫ್ಯಾನು ಕರಕರ ತಿರುಗುತ್ತಿತ್ತು.

"ಇನ್ಯಾರಾದ್ರೂ ಇದಾರಾ? ಇಲ್ಲಾಂದ್ರೆ ಇಬ್ಬರೇ ಆಯ್ತು," ಅಂದ ರೋಲಂಡ್.

ಡೆನಿಸ್ ಕರವಸ್ತ್ರ ತೆಗೆದು ಕೈ ಒರೆಸಿಕೊಂಡ.

"ಅರ್ನಿ ಸೋರ್ಬಿ," ಅಂದ ಓರಿನ್.

ಯಾರೋ ಕುರ್ಚಿ ಎಳೆಯುತ್ತಿದ್ದವರು ನಿಲ್ಲಿಸಿದರು.

"ಓರಿನ್," ಅಂದ ರೋಲಂಡ್ ಮೆಲ್ಲಗೆ, ಪ್ಯಾಂಟಿನ ಗುಂಡಿ ಹಾಕಿಲ್ಲ ಅಂತ ಮುದುಕನಿಗೆ ತಿಳಿಸುವ ದನಿಯಲ್ಲಿ. "ಅರ್ನಿ ನಿಮ್ಮೂರವನಲ್ವಾ."

"ಹೌದು."

"ನೀನೇ ಹೇಳೋ ಹಾಗಿಲ್ಲ."

"ಗೊತ್ತು. ಯಾರೂ ಹೇಳಲಿಲ್ಲವಲ್ಲ."

"ಹೇಳಲಿಲ್ಲ ಅಂದ್ರೆ ಹೇಳೋ ಅಂಥದ್ದು ಇರಲಿಲ್ಲ ಅಂತ ಕಣಯ್ಯ," ಅಂದ ಮಾರ್ವ್. ಒಬ್ಬಿಬ್ಬರು ನಕ್ಕರು, ಕೆಟ್ಟ ನಗುವಲ್ಲ.

ರೋಲಂಡ್ ಪೆನ್ಸಿಲನ್ನು ಬೆರಳಲ್ಲಿ ತಿರುವಿದ. ಅವನು ನ್ಯಾಯದವನು. "ಆಗಲಿ, ಹೆಸರು ಬಂದಾಯ್ತು. ಬೇರೆ ಊರಿನವರು ಯಾರಾದ್ರೂ ಜೊತೆಗೆ ನಿಂತ್ರೆ ಬರ್ಕೋತೀನಿ. ಡೆನಿಸ್, ನೀವು ಅವರ ಮೇಲೆ ಮೂರು ಸಲ ಆಡಿದೀರಲ್ಲ?"

ಡೆನಿಸ್ ನೆಟ್ಟಗೆ ಕೂತ. "ಅರ್ನಿ ಅಂದ್ರೆ... ಆ ಗಡ್ಡದವನಾ?"

"ಗಡ್ಡದವನು ಮೂರನೇ ಬೇಸ್," ಅಂದ ಓರಿನ್.

"ಓ. ಹಾಗಾದ್ರೆ ನನಗೆ ಅಷ್ಟು ನೆನಪಿಲ್ಲ."

"ಮುಖಕ್ಕೆ ಜಾಲರಿ ಹಾಕಿರ್ತಾನಲ್ಲಪ್ಪ," ಅಂದ ಗಿರಣಿಯವನು, "ಕ್ಯಾಚರ್ ಮುಖ ಯಾರು ನೋಡಿರ್ತಾರೆ."

ಓರಿನ್ ಎದ್ದು ನಿಂತ. ಈ ಮೇಜಿನ ಮುಂದೆ ಅವನು ಯಾವತ್ತೂ ಎದ್ದು ನಿಂತು ಮಾತಾಡಿದವನಲ್ಲ. ಲಿಯೋ ನಿಲ್ಲುತ್ತಿದ್ದ. "ಹನ್ನೊಂದು ಆಟ ಆಗಿದೆ. ಹನ್ನೊಂದು ಆಟದಲ್ಲೂ ನಾನು ಬಲೆಯ ಹಿಂದೆ ಕೂತು ಬರೆದಿದೀನಿ. ಒಂದು ಚೆಂಡೂ ಅವನನ್ನ ದಾಟಿ ಹಿಂದೆ ಹೋಗಿಲ್ಲ. ನಮ್ಮಲ್ಲಿ ಈಗ ಎಸೆಯೋನು ಸ್ಕೂಲ್ ಮೇಷ್ಟ್ರು. ಚೆಂಡು ಎಲ್ಲಿಗೆ ಹೋಗುತ್ತೆ ಅಂತ ಅವರಿಗೇ ಗೊತ್ತಿರಲ್ಲ. ಅರ್ನಿ ಅದನ್ನ ಎದೇಲಿ ತಡೀತಾನೆ, ತೊಡೇಲಿ ತಡೀತಾನೆ, ಗಂಟಲಲ್ಲಿ ತಡೀತಾನೆ. ಬಲಗೈ ಎರಡು ಬೆರಳು ವಕ್ರ ಆಗಿದೆ. ಅದೇ ಕೈಲಿ ಬೆಳಿಗ್ಗೆ ಹಾಲು ಕರೀತಾನೆ."

"ಹೊಡೆಯೋದು ಎಷ್ಟಿದೆ?" ಅಂತ ಮಾರ್ವ್ ಕೇಳಿದ.

ಓರಿನ್ ಸುಳ್ಳು ಹೇಳಬಲ್ಲವನಲ್ಲ. "ನೂರಕ್ಕೆ ಇಪ್ಪತ್ತೊಂದು."

"ಇಪ್ಪತ್ತೊಂದು. ನಮ್ಮ ಪಾದ್ರಿ ಇದಕ್ಕಿಂತ ಚೆನ್ನಾಗಿ ಹೊಡೀತಾರೆ, ಅವರಿಗೆ ಒಂದು ಕಣ್ಣು ಬೇರೆ ಇಲ್ಲ."

ಈ ಸಲ ಎಲ್ಲರೂ ನಕ್ಕರು. ಓರಿನ್ ನಿಂತೇ ಇದ್ದ. ಅವನು ನಿಂತೇ ಇದ್ದದ್ದು ಮಾರ್ವ್‌ಗೆ ಯಾಕೋ ಇರಿಸುಮುರುಸಾಯಿತು. ಕುರ್ಚಿ ಮುಂದೆಳೆದುಕೊಂಡು ದನಿ ತಗ್ಗಿಸಿದ.

"ನೋಡು ಓರಿನ್, ಮನಸ್ಸಿಗೆ ಹಚ್ಕೋಬೇಡ. ಲಿಯೋ ಇದ್ದಾಗಿನ ಮಾತು ಬೇರೆ. ಲಿಯೋ ವರ್ಷಾವರ್ಷ ನಿಮ್ಮೂರ ಒಬ್ಬನ ಹೆಸರು ಹೇಳೋನು, ನಾವೂ ಕೈ ಎತ್ತೋವು. ಲಿಯೋ ಕೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ?"

"ಮಾರ್ವ್," ಅಂದ ರೋಲಂಡ್.

"ಇರೋದನ್ನೇ ಹೇಳ್ತಿದೀನಿ. ಹೊರಗೆ ಗಾಡಿ ನಿಲ್ಲಿಸ್ತೀವಲ್ಲ, ಅಲ್ಲೇ ಹಿಡ್ಕೊಳ್ಳೋನು ನಮ್ಮನ್ನ. ಓರಿನ್‌ಗೆ ಮನೇಲಿ ಯಾರಿಲ್ಲ, ಈ ಟೀಮೊಂದೇ ಅವನಿಗೆ ಇರೋದು, ಒಂದು ಕೈ ಎತ್ತಿ ಮಾರಾಯ್ರಾ ಅನ್ನೋನು. ಎತ್ತಿದ್ವಿ. ಅದು ಲಿಯೋನ ಮುಖ ನೋಡಿ. ಈಗ ಲಿಯೋನೇ ಇಲ್ಲ."

ಓರಿನ್ ಕೂತುಕೊಂಡ.

ಅವನು ಈ ಸಭೆಗೆ ವಾಂಗ್‌ನ ಚರ್ಚಿನಲ್ಲಿ ದೀಪ ಆರಿಸಿ, ಕುರ್ಚಿ ಸರಿಮಾಡಿ ಬರುವವನು. ಆದ್ದರಿಂದ ಯಾವಾಗಲೂ ಕಾಲು ಗಂಟೆ ತಡ. ಪ್ರತಿ ವರ್ಷವೂ ಬಂದು ಗಾಡಿ ನಿಲ್ಲಿಸುವಾಗ ಏಳೂ ಜನ ಲಿಯೋನ ಟ್ರಕ್ಕಿನ ಸುತ್ತ ನಿಂತಿರುತ್ತಿದ್ದರು. ಅವನು ಇಳಿದ ಕೂಡಲೇ ಮಾತು ನಿಲ್ಲುತ್ತಿತ್ತು. ಲಿಯೋ ಬಂದು ಅವನ ಬೆನ್ನು ತಟ್ಟಿ, "ನಡೀರಿ ನಡೀರಿ, ನಾರ್ವೆಯ ದೊರೆ ಬಂದ" ಅನ್ನುತ್ತಿದ್ದ. ನನಗೋಸ್ಕರ ಕಾದಿದ್ದಾರೆ ಅಂತ ಓರಿನ್‌ಗೆ ಒಳಗೊಳಗೇ ಹಿತವಾಗುತ್ತಿತ್ತು. ದಾರಿಯುದ್ದಕ್ಕೂ ಆ ಕ್ಷಣವನ್ನೇ ಅವನು ಎದುರು ನೋಡುತ್ತಿದ್ದ. ಈ ವರ್ಷ ಹೊರಗೆ ಯಾರೂ ನಿಂತಿರಲಿಲ್ಲ. ಬಿಸಿಲಿಗೆ ಒಳಗೆ ಹೋಗಿರಬೇಕು ಅಂದುಕೊಂಡಿದ್ದ.

"ಕೈ ಎತ್ತಿಸಿಬಿಡ್ತೀನಿ," ಅಂದ ರೋಲಂಡ್. "ಅದೇ ಸರಿ. ಅರ್ನಿ ಸೋರ್ಬಿಗೆ ಯಾರ್ಯಾರು?"

ಡೆನಿಸ್‌ನ ಕೈ ಮೇಲೆ ಬಂತು. ಕಿವಿಯ ತನಕ ಬಂದು, ಅತ್ತಿತ್ತ ನೋಡಿ, ಕಿವಿ ಕೆರೆದುಕೊಂಡು ಇಳಿಯಿತು.

ಓರಿನ್ ಎದ್ದು ಹೋಗಲಿಲ್ಲ. ಹೊರ ಮೈದಾನ ಕಾಯುವವರ ಆಯ್ಕೆ ಮುಗಿಯುವ ತನಕ ಕೂತ. ಎತ್ತಬೇಕಾದ ಕಡೆ ಕೈ ಎತ್ತಿದ. ಒಂದು ಸಲ ಮಾರ್ವ್‌ನ ಊರಿನವನಿಗೂ ಎತ್ತಿದ, ಆ ಹುಡುಗ ಚೆನ್ನಾಗಿ ಓಡುತ್ತಿದ್ದ. ಹದಿನೈದು ಹೆಸರನ್ನು ರೋಲಂಡ್ ಗಟ್ಟಿಯಾಗಿ ಓದಿದ. ಏಳು ಊರು ಬಂದವು.

ಮೆಟ್ಟಿಲು ಹತ್ತುವಾಗ ಡೆನಿಸ್ ಹಿಂದಿನಿಂದ ಬಂದ. "ಓರಿನ್, ನಮ್ಮ ಹುಡುಗನ ಹೆಸರು ಹೇಳಿದ್ರಲ್ಲ, ಅದು ಹಾಗೆ ಅಂತ ನನಗೆ ಗೊತ್ತಿರ್ಲಿಲ್ಲ. ಚಿಕ್ಕಪ್ಪ ಏನೂ ಹೇಳಿರ್ಲಿಲ್ಲ."

"ಹೇಳೋ ಅಂಥದ್ದಲ್ಲಪ್ಪ ಅದು."

"ಮುಂದಿನ ವರ್ಷ ನೋಡಣ."

"ನೋಡಣ," ಅಂದ ಓರಿನ್. ಮುಂದಿನ ವರ್ಷ ವಾಂಗ್‌ನಲ್ಲಿ ಒಂಬತ್ತು ಜನ ಸೇರುತ್ತಾರೋ ಇಲ್ಲವೋ ಅನ್ನುವುದನ್ನು ಅವನಿಗೆ ಹೇಳಲಿಲ್ಲ.

ಹದಿನೆಂಟು ಮೈಲಿ. ಎರಡೂ ಕಡೆ ಮುಸುಕಿನ ಜೋಳದ ಹೊಲ. ಓರಿನ್ ಗಾಡಿ ನಿಧಾನ ಬಿಟ್ಟ. ಮೂವತ್ತೊಂದು ಹೆಸರುಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡ. ನೆನಪು ಮಾತ್ರ ಅವನಿಗೆ ಕೈಕೊಡುವುದಿಲ್ಲ. ಎಡಗೈಯ ಹಲ್ವೊರ್ಸನ್, ಅವನು ನಿಜಕ್ಕೂ ಯೋಗ್ಯ, ಅದರಲ್ಲಿ ಮಾತಿಲ್ಲ. ಅವನ ತಮ್ಮ? ಅವನೂ ಸರಿ. ಆಮೇಲಿನ ಹುಡುಗ, ಕೆಂಪು ಕೂದಲಿನವನು, ಆ ವರ್ಷ ಹೊಡೆದದ್ದು ಎಷ್ಟು? ಹೀಗೆ ಒಬ್ಬೊಬ್ಬನನ್ನೂ ನಿಲ್ಲಿಸಿ ತೂಗುತ್ತಾ ಹೋದ. ಲಿಯೋ ಕೇಳಿಕೊಳ್ಳದಿದ್ದರೂ ಬರುತ್ತಿದ್ದವರು ಎಷ್ಟು, ಕೇಳಿಕೊಂಡಿದ್ದಕ್ಕೆ ಬಂದವರು ಎಷ್ಟು. ಒಂಬತ್ತನೆಯವನ ಹತ್ತಿರ ನಿಲ್ಲಿಸಿಬಿಟ್ಟ. ಲಿಯೋನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೆ ಸಿಟ್ಟು ಬರಲಿಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಅಂತ ಯೋಚಿಸಿದರೆ, ಹೇಳಿಕೊಳ್ಳಬಹುದಾಗಿದ್ದವನೂ ಲಿಯೋ ಒಬ್ಬನೇ.

ಅರ್ನಿಯ ಕೊಟ್ಟಿಗೆಯಲ್ಲಿ ಸಂಜೆಯ ಕರಾವು ಶುರುವಾಗಿತ್ತು. ಯಂತ್ರಗಳು ಟಕಟಕ ಬಡಿದುಕೊಳ್ಳುತ್ತಿದ್ದವು, ರೇಡಿಯೋ ಯಾರಿಗೂ ಕೇಳದ ಹಾಗೆ ಹಾಡುತ್ತಿತ್ತು. ಅರ್ನಿ ಎರಡು ಹಸುಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ, ಮೈದಾನದಲ್ಲಿ ಕೂರುವ ಹಾಗೆಯೇ. ತಲೆ ಎತ್ತಿ ಓರಿನ್‌ನ ಮುಖ ನೋಡಿದ. ಮತ್ತೆ ಕೆಚ್ಚಲಿನ ಕಡೆ ತಿರುಗಿದ.

"ಆಗಲಿಲ್ಲ ಅನ್ನು."

"ಆಗಲಿಲ್ಲ."

"ಯಾರು ಹೋದ್ರು?"

ಓರಿನ್ ಇಬ್ಬರ ಹೆಸರೂ ಹೇಳಿದ.

"ಕಾಲೇಜು ಹುಡುಗ ಒಳ್ಳೆಯವನೇ," ಅಂದ ಅರ್ನಿ. "ಇನ್ನೊಬ್ಬ ಪರವಾಗಿಲ್ಲ." ಒಂದು ಹಸುವಿನಿಂದ ಯಂತ್ರ ಬಿಡಿಸಿ ಪಕ್ಕದ್ದಕ್ಕೆ ಹಾಕಿದ. "ನನ್ನ ಹೆಸರು ಬಂತಾ?"

ಬಂತು ಅಂದು ಅಲ್ಲಿಗೇ ಬಿಡಬಹುದಿತ್ತು. "ಬಂತು," ಅಂದ ಓರಿನ್. "ನಾನೇ ಹೇಳಿದೆ."

ಅರ್ನಿಯ ಕೈ ನಿಂತಿತು. "ನೀನೇ?"

"ಬೇರೆ ಯಾರೂ ಇರಲಿಲ್ಲ. ನಾನು ನಿನ್ನ ಹತ್ರ ಬಂದು ಹೇಳಬಾರದಿತ್ತು. ತಪ್ಪು ನನ್ನದು ಕಣೋ."

"ಅಷ್ಟು ಜನರ ಮುಂದೆ ನೀನೇ ಹೇಳಿದ್ಯಾ." ಅರ್ನಿ ಆ ಮಾತನ್ನು ಇನ್ನೊಮ್ಮೆ ಆಡಿ ನೋಡಿದ ಹಾಗಿತ್ತು. "ಏನಂದೆ?"

"ಹನ್ನೊಂದು ಆಟದಲ್ಲಿ ಒಂದು ಚೆಂಡೂ ನಿನ್ನ ದಾಟಿ ಹೋಗಿಲ್ಲ ಅಂದೆ."

"ಒಂದು ಹೋಗಿದೆ," ಅಂದ ಅರ್ನಿ. "ಮೇ ತಿಂಗಳಲ್ಲಿ, ತುಂತುರು ಬಂದ ದಿನ. ನೀನು ಅದನ್ನ ಮೇಷ್ಟ್ರ ತಪ್ಪು ಅಂತ ಬರೆದೆ."

"ಮೇಷ್ಟ್ರ ತಪ್ಪೇ ಅದು. ನೆಲಕ್ಕೆ ಬಿದ್ದು ಬಂತು."

"ನೆಲಕ್ಕೆ ಬಿದ್ದಿರಲಿಲ್ಲ. ಸರಿಯಾಗೇ ಬಂತು. ನಾನೇ ಬಿಟ್ಟೆ."

"ಬಲೆಯ ಹಿಂದೆ ಕೂತವನು ನಾನು."

"ಜಾಲರಿಯ ಹಿಂದೆ ಇದ್ದವನು ನಾನು," ಅಂದ ಅರ್ನಿ. ಅವನ ಬಾಯಿಯ ಒಂದು ಬದಿ ಸ್ವಲ್ಪ ಮೇಲೆ ಹೋಯಿತು, ಅಷ್ಟೆ. ಓರಿನ್ ಹಸುಗಳ ನಡುವೆ ದಾರಿ ಬಿಡಿಸಿಕೊಂಡು ಹೊರಗೆ ಬಂದ.

ಆಲ್‌ಸ್ಟಾರ್ ಶನಿವಾರ ವಾಂಗ್‌ನವರೆಲ್ಲ ಆಟ ನೋಡಲು ಹೋದರು. ಓರಿನ್ ಹೋಗಲಿಲ್ಲ. ಮೈದಾನದ ಬಲೆಯಲ್ಲಿ ಒಂದು ಕಡೆ ತೂತು ಬಿದ್ದಿತ್ತು, ಅದನ್ನು ಹೊಲಿಯುತ್ತೇನೆ ಅಂತ ಉಳಿದ. ಹೊಲಿದು ಮುಗಿಯುವ ಹೊತ್ತಿಗೆ ಅರ್ನಿಯ ಟ್ರಕ್ಕು ಧೂಳೆಬ್ಬಿಸಿಕೊಂಡು ಬಂದು ನಿಂತಿತು.

"ಬಾವಮೈದುನ ಬಂದುಬಿಟ್ಟ," ಅಂದ ಅರ್ನಿ ಇಳಿಯುತ್ತಾ. "ಬೇಡ ಅಂತ ಹೇಳೋಕೆ ಮರೆತಿದ್ದೆ. ಸುಮ್ನೆ ಅಡ್ಡ ನಿಲ್ಲಬೇಡ ಅಂತ ಕೊಟ್ಟಿಗೆಯಿಂದ ಆಚೆ ಹಾಕಿದ." ಕೈಯಲ್ಲಿ ಬ್ಯಾಟು ಇತ್ತು. "ನಾಲ್ಕು ಎಸೀತೀಯಾ? ಹತ್ತಿರದಿಂದಲೇ ಎಸಿ. ನಿನ್ನ ಭುಜ ಕಿತ್ತುಬಂದ್ರೆ ಆ ಪಾಪ ನನಗೆ ಬೇಡ."

ಓರಿನ್ ಎಸೆದ. ಮೊದಲನೆಯದು ನೆಲಕ್ಕೆ ಬಿತ್ತು. ಎರಡನೆಯದಕ್ಕೆ ಅರ್ನಿ ಬೀಸಿದ, ತಾಗಲಿಲ್ಲ. "ಇಪ್ಪತ್ತೊಂದು," ಅಂದ ಓರಿನ್. "ಬಾಯಿ ಮುಚ್ಚಿ ಎಸಿ," ಅಂದ ಅರ್ನಿ. ಏಳನೆಯದೋ ಎಂಟನೆಯದೋ ಬ್ಯಾಟಿನ ನಡುವಿಗೇ ಸಿಕ್ಕಿತು. ಆ ಸದ್ದು ಕೇಳಿಯೇ ಇಬ್ಬರೂ ತಲೆ ಎತ್ತಿದರು. ಚೆಂಡು ಎಡಗಡೆಯ ಬೇಲಿ ದಾಟಿ, ರಸ್ತೆ ದಾಟಿ, ಪಾದ್ರಿಯ ಮನೆಯಾಚೆಯ ಜೋಳದೊಳಗೆ ಹೋಯಿತು. ಅರ್ನಿ ಆ ಕಡೆ ಸುಮಾರು ಹೊತ್ತು ನೋಡಿದ. ಅದನ್ನು ನೋಡಲು ಊರಲ್ಲಿ ಒಂದು ನಾಯಿಯೂ ಇರಲಿಲ್ಲ.

"ನಾನು ತರ್ತೀನಿ," ಅಂದ ಓರಿನ್. "ನಿನ್ನ ಮೊಣಕಾಲು ಅಲ್ಲೇ ಇರಲಿ."

ಜೋಳ ಆ ವರ್ಷ ಬೇಗ ಎದ್ದಿತ್ತು, ಅವನ ಹ್ಯಾಟಿಗಿಂತ ಮೇಲೆ. ಸಾಲಿನೊಳಗೆ ಹೊಕ್ಕವನು ಹತ್ತು ಹೆಜ್ಜೆ ಹೋಗಿ, ಪಕ್ಕದ ಸಾಲಿಗೆ ದಾಟಿ, ಮತ್ತೆ ಹತ್ತು ಹೆಜ್ಜೆ ಹೋದ. ನೆಲ ತಣ್ಣಗಿತ್ತು. ಎಲೆಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು. ಬಗ್ಗಿ ನೋಡಿದ, ಚೆಂಡು ಕಾಣಲಿಲ್ಲ. ನೆಟ್ಟಗಾಗಿ ನೋಡಿದರೆ ಬಂದ ದಾರಿಯೂ ಕಾಣಲಿಲ್ಲ.

"ಓರಿನ್," ಅಂತ ಅರ್ನಿಯ ದನಿ ರಸ್ತೆಯ ಕಡೆಯಿಂದ ಬಂತು. "ಬಿಡು, ಸಿಗಲ್ಲ ಅದು."

ಅವನು ಒಂದು ದಂಟು ಹಿಡಿದುಕೊಂಡು ನಿಂತ.

"ಓರಿನ್. ಎಲ್ಲಿದೀಯೋ?"

ದನಿ ಹತ್ತಿರವಾಗುತ್ತಿತ್ತು, ಜೋಳದ ಅಂಚಿನಲ್ಲಿ ಎಲೆ ಸರಿಸುವ ಸದ್ದೂ ಕೇಳಿಸಿತು. ಓಗೊಡಬೇಕು ಅಂತ ಅವನಿಗೆ ಗೊತ್ತಿತ್ತು. ಇನ್ನೂ ಒಂದು ಸಲ ತನ್ನ ಹೆಸರು ಹಿಡಿದು ಕೂಗಲಿ ಅಂತ ಸುಮ್ಮನೆ ನಿಂತಿದ್ದ.